ಆರ್‌ಎಕ್ಸ್ 100: ಕಡಿಮೆ ಖರ್ಚಿನಲ್ಲಿ ಎಂಜಿನ್ ಕಟ್ಟುವುದು

ಹಳೇ ಯಮಹಾ ಆರ್‌ಎಕ್ಸ್ 100 ಟೂ-ಸ್ಟ್ರೋಕ್ ಬೈಕ್ ಸಿಕ್ಕರೆ ಬಣ್ಣ ಆಮೇಲೆ ನೋಡಿ. ಮೊದಲು ಎಂಜಿನ್, ಚಾಸಿ ನಂಬರುಗಳನ್ನು ಆರ್‌ಸಿ ಜೊತೆ ತಾಳೆ ಹಾಕಿ. ನಂಬರು ಕೂಡದ ಗಾಡಿ ಪುಕ್ಕಟೆ ಸಿಕ್ಕರೂ ಬೇಡ.

ಎಂಜಿನ್ ಬಿಚ್ಚಿದರೆ ಕ್ರ್ಯಾಂಕಿನ (ಪಿಸ್ಟನ್ ತಿರುಗಿಸುವ ದಂಡದ) ಎರಡೂ ಆಯಿಲ್ ಸೀಲ್ ಹೊಸದು ಹಾಕಲೇಬೇಕು. ಮ್ಯಾಗ್ನೆಟ್ (ಕರೆಂಟ್ ಹುಟ್ಟಿಸುವ ಭಾಗ) ಕಡೆಯದು ಸೋತರೆ ಹೊರಗಿನ ಗಾಳಿ ಒಳನುಗ್ಗಿ, ಪೆಟ್ರೋಲ್ ಪ್ರಮಾಣ ಕಡಿಮೆಯಾಗಿ, ಪಿಸ್ಟನ್ ಜಾಮ್ ಆಗುತ್ತದೆ. ಕ್ಲಚ್ ಕಡೆಯದು ಸೋತರೆ ಗೇರ್ ಆಯಿಲ್ ಸುಟ್ಟು ಹೊಗೆ ನಿಲ್ಲುವುದೇ ಇಲ್ಲ. ಪಿಸ್ಟನ್ ರಿಂಗ್ ಹೋಗಿದೆ ಅಂದುಕೊಂಡು ಸುಮ್ಮನೆ ಬೋರ್ ಮಾಡಿಸಿ (ಸಿಲಿಂಡರ್ ಕೊರೆಸಿ ದೊಡ್ಡದು ಮಾಡಿಸಿ) ದುಡ್ಡು ಕಳೆಯುವುದು ಇಲ್ಲಿಯೇ.

ಬೋರ್ (ಸಿಲಿಂಡರ್ ಒಳಗೋಡೆ) ನಿಜವಾಗಿ ಸವೆದಿದ್ದರೆ ಅಳತೆ ನೋಡಿಸಿ, ಗೀರು ಹೋಗುವಷ್ಟೇ ಓವರ್‌ಸೈಜ್ ಪಿಸ್ಟನ್ ಕೊಳ್ಳಿ, 0.25 ಮಿ.ಮೀ. ಸಾಕಾದರೆ 0.50ಕ್ಕೆ ಹೋಗಬೇಡಿ. ಆ ಪಿಸ್ಟನ್ ಕೈಯಲ್ಲಿ ಹಿಡಿದುಕೊಂಡೇ ಬೆಳಗಾವಿಯ ಉದ್ಯಮಬಾಗಿನ ಮಷಿನ್ ಶಾಪಿಗೆ ಹೋಗಿ, ಅದರ ಅಳತೆಗೇ ಬೋರಿಂಗ್, ಹೋನಿಂಗ್ (ಕೊರೆದ ಗೋಡೆಯನ್ನು ಉಜ್ಜಿ ಹದಗೊಳಿಸುವುದು) ಮಾಡಿಸಿ. ಪೋರ್ಟ್ (ಸಿಲಿಂಡರ್ ಗೋಡೆಯ ಕಿಂಡಿ) ಅಂಚುಗಳನ್ನು ಸ್ವಲ್ಪ ಉಜ್ಜಿಸಿ. ಚೂಪಾಗಿ ಬಿಟ್ಟರೆ ರಿಂಗ್ ಸಿಕ್ಕಿ ಮುರಿಯುತ್ತದೆ. ಪಿಸ್ಟನ್ ಮೇಲಿನ ಬಾಣ ಸೈಲೆನ್ಸರ್ ಕಡೆಗಿರಲಿ, ರಿಂಗಿನ ತುದಿಗಳು ಗ್ರೂವಿನ ಪಿನ್ನಿಗೆ ಸರಿಯಾಗಿ ಕೂರಲಿ. ಪಿಸ್ಟನ್ ಅನ್ನು ಕನೆಕ್ಟಿಂಗ್ ರಾಡಿಗೆ ಸೇರಿಸುವ ಗಜನ್ ಪಿನ್ನಿನ ಹಳೇ ಲಾಕ್ ಮಾತ್ರ ಮತ್ತೆ ಹಾಕಬೇಡಿ.

ಎಂಜಿನ್ನಿಗೆ ಟೂ-ಟಿ (ಟೂ-ಸ್ಟ್ರೋಕ್) ಆಯಿಲ್ ಕೊಡುವ ಪಂಪಿನ ಪೈಪಿನಲ್ಲಿ ಗಾಳಿ ಉಳಿದರೆ ಮಾಡಿದ್ದೆಲ್ಲ ನೀರುಪಾಲು. ಗುಳ್ಳೆ ಪೂರ್ತಿ ತೆಗೆಯಿರಿ. ಜೊತೆಗೆ ಮೊದಲ ಟ್ಯಾಂಕಿಗೆ ಲೀಟರ್ ಪೆಟ್ರೋಲಿಗೆ 20 ಮಿ.ಲೀ. ಟೂ-ಟಿ ಆಯಿಲ್ ಬೆರೆಸಿ. ಸೈಲೆನ್ಸರ್ ಒಳಪೈಪಿನ ಕರಿ ಕೆರೆಯಿರಿ, ಪೆಟ್ರೋಲ್ ಪೈಪ್ ಹೊಸದು ಹಾಕಿ. ಮೊದಲ 500 ಕಿ.ಮೀ. ಒಂದೇ ಸಮ ಆಕ್ಸಿಲರೇಟರ್ ಹಿಡಿದು ಓಡಿಸಬೇಡಿ, ವಿಜಯಪುರದ ಬೇಸಿಗೆಯಲ್ಲಂತೂ ನಡುವೆ ನಿಲ್ಲಿಸಿ ಎಂಜಿನ್ ತಣ್ಣಗಾಗಲು ಬಿಡಿ. ಕ್ರೋಮ್, ಪೇಂಟ್ ಮುಂದಿನ ವರ್ಷಕ್ಕಿರಲಿ.