ಪೇರಳೆ ಕೊಂಬೆಯಲ್ಲಿ ಚಂದ್ರ ಪತಂಗ ಸಾಕಿದ್ದು

ಸುಂಟಿಕೊಪ್ಪದ ಕಡೆ ನಮ್ಮ ಕಾಫಿ ತೋಟದಲ್ಲಿ ಮಳೆ ಹಿಡಿಯುವ ಹೊತ್ತಿಗೆ ಚಂದ್ರ ಪತಂಗಗಳು ಕಾಣಿಸುತ್ತವೆ. ಹೆಚ್ಚಿನವರು ಒಂದು ಫೋಟೋ ತೆಗೆದು ಸುಮ್ಮನಾಗುತ್ತಾರೆ. ಇದನ್ನು ಮೊಟ್ಟೆಯಿಂದ ಸಾಕಬಹುದು. ಒಂದು ಪೇರಳೆ ಮರ, ಸ್ವಲ್ಪ ಸೊಳ್ಳೆ ಪರದೆ ಬಟ್ಟೆ ಇದ್ದರೆ ಸಾಕು.

ರೆಕ್ಕೆ ತಿಳಿ ಹಸಿರು, ಹರಡಿದರೆ ಸುಮಾರು 12 ಸೆಂ.ಮೀ. ಮುಂದಿನ ರೆಕ್ಕೆಯ ಮೇಲಂಚಿಗೆ ಕಡುಗೆಂಪು ಪಟ್ಟಿ. ನಾಲ್ಕೂ ರೆಕ್ಕೆಯಲ್ಲಿ ಒಂದೊಂದು ಕಣ್ಣಿನಂಥ ಬೊಟ್ಟು. ಮೈ ತುಂಬ ಬಿಳಿ ತುಪ್ಪಳ. ಹಿಂದಿನ ರೆಕ್ಕೆಯಿಂದ ಇಳಿಯುವ ಉದ್ದ ಬಾಲ ಬರೀ ಚೆಂದಕ್ಕಲ್ಲ. ಇದರ ಅಮೆರಿಕದ ನೆಂಟ ಲೂನಾ ಪತಂಗದ ಮೇಲೆ ನಡೆಸಿದ ಪ್ರಯೋಗವೊಂದು 2015ರಲ್ಲಿ ಪ್ರಕಟವಾಯಿತು. ಬಾವಲಿ ಪ್ರತಿಧ್ವನಿ ಕೇಳಿ ಬೇಟೆ ಹುಡುಕುತ್ತದೆ ಅಲ್ವಾ? ತಿರುಗುವ ಬಾಲದ ಪ್ರತಿಧ್ವನಿಗೆ ಮೋಸಹೋಗಿ ಅದು ಮೈ ಬಿಟ್ಟು ಬಾಲಕ್ಕೆ ಬಾಯಿ ಹಾಕುತ್ತದಂತೆ. ಬಾಲ ಹರಿದ ಪತಂಗ ಕಂಡರೆ ನಾನೀಗ ಅಯ್ಯೋ ಪಾಪ ಅನ್ನುವುದಿಲ್ಲ.

ದೀಪಕ್ಕೆ ಬಂದ ಹೆಣ್ಣಿಗೆ ಸಾಮಾನ್ಯವಾಗಿ ಜೋಡಿ ಆಗಿರುತ್ತದೆ. ಹೊಟ್ಟೆ ದಪ್ಪ, ಮೀಸೆ ಸಣ್ಣ. ಗಂಡಿನ ಮೀಸೆ ಅಗಲವಾದ ಗರಿಯ ಹಾಗೆ. ಹೆಣ್ಣನ್ನು ರಾತ್ರಿ ಕಾಗದದ ಚೀಲದಲ್ಲಿ ಬಿಟ್ಟರೆ ಒಳಗೇ ಮೊಟ್ಟೆ ಅಂಟಿಸುತ್ತದೆ. ಮರುದಿನ ಕತ್ತಲಾದ ಮೇಲೆ ಅದನ್ನು ಹಾರಲು ಬಿಡುತ್ತೇನೆ. ಹಗಲಲ್ಲಿ ಬಿಟ್ಟರೆ ಹಕ್ಕಿಗಳು ಬಿಡುವುದಿಲ್ಲ.

ಹತ್ತು ಹನ್ನೆರಡು ದಿನದಲ್ಲಿ ಮರಿ ಹೊರಬರುತ್ತದೆ. ಮೊದಲು ಕೆಂಪು ಮೈಗೆ ಕಪ್ಪು ಪಟ್ಟಿ, ಆಮೇಲೆ ಪೂರ್ತಿ ಕೆಂಪು, ಇನ್ನೊಂದು ಸಲ ಪೊರೆ ಬಿಟ್ಟರೆ ಹಸಿರು. ಮೈ ಮೇಲಿನ ಕಿತ್ತಳೆ ಗುಬುಟುಗಳಲ್ಲಿ ಕೂದಲು. "ಅಯ್ಯೋ ಅಕ್ಕ, ಕಂಬಳಿ ಹುಳ, ಮುಟ್ಬೇಡಿ" ಎಂದು ತೋಟದ ಕೆಲಸದವಳು ಕೂಗಿದಳು. ಇದು ತುರಿಸುವ ಜಾತಿ ಅಲ್ಲ.

ಕೊಡಗಿನ ಮಳೆಯಲ್ಲಿ ಡಬ್ಬದ ಸಾಕಣೆ ನನಗೆ ಸರಿ ಕಾಣುವುದಿಲ್ಲ. ಕಕ್ಕಡದ (ಜುಲೈ-ಆಗಸ್ಟ್ ಹೊತ್ತಿನ ಮಳೆ ತಿಂಗಳು) ತೇವಕ್ಕೆ ಹಿಕ್ಕೆಯೆಲ್ಲ ಬೂಷ್ಟು ಹಿಡಿಯುತ್ತದೆ, ಹುಳ ಮೆತ್ತಗಾಗಿ ಸಾಯುತ್ತದೆ. ಅದಕ್ಕೇ ಪರದೆ ಬಟ್ಟೆಯನ್ನು ಉದ್ದನೆ ಚೀಲದಂತೆ ಹೊಲಿದು ಮರದಲ್ಲಿರುವ ಕೊಂಬೆಗೇ ತೊಡಿಸುತ್ತೇನೆ. ಎರಡೂ ತುದಿ ಬಿಗಿಯಾಗಿ ಕಟ್ಟಬೇಕು. ಕಟ್ಟುವ ಮೊದಲು ಎಲೆ ಅಡಿಯಲ್ಲಿ ಜೇಡ, ಇರುವೆ ಇದೆಯಾ ನೋಡಬೇಕು. ಹುಳದ ಮೇಲೆ ಮೊಟ್ಟೆ ಇಡುವ ನೊಣ, ಕಣಜಗಳೂ ಈ ಬಟ್ಟೆ ದಾಟಿ ಬರುವುದಿಲ್ಲ. ಕೆಳತುದಿ ಬಿಚ್ಚಿ ಕೊಡವಿದರೆ ಹಿಕ್ಕೆ ಉದುರುತ್ತದೆ. ಎಲೆ ಮುಗಿದರೆ ಹುಳ ಕೂತ ರೆಂಬೆಯನ್ನೇ ಕತ್ತರಿಸಿ ಬೇರೆ ಕೊಂಬೆಗೆ ಸಾಗಿಸಿ. ಹುಳವನ್ನು ಎಳೆದು ತೆಗೆಯಬೇಡಿ, ಅದು ಎಷ್ಟು ಗಟ್ಟಿ ಹಿಡಿಯುತ್ತದೆ ಎಂದರೆ ಕಾಲು ಕಿತ್ತುಬರುತ್ತದೆ. ಕಾಫಿಗೆ ಬೋರ್ಡೋ (ಮೈಲುತುತ್ತು, ಸುಣ್ಣದ ಔಷಧಿ) ಹೊಡೆಯುವಾಗ ಹನಿ ತಾಗದಷ್ಟು ದೂರದ ಮರವೇ ಆಗಬೇಕು. ನಮ್ಮಲ್ಲಿ ಅದು ಹಿತ್ತಲಿನ ಪೇರಳೆ. ಮತ್ತಿ ಸೊಪ್ಪನ್ನೂ ಇದು ತಿನ್ನುತ್ತದೆ, ಟಸರ್ ರೇಷ್ಮೆ ಹುಳದ ಹಾಗೆ. ಎರಡೂ ಒಂದೇ ಕುಟುಂಬ.

ಬಲಿತ ಹುಳ ಎಲೆಗಳನ್ನು ಎಳೆದು ಸೇರಿಸಿ ಒಳಗೆ ಕಂದು ಗೂಡು ಕಟ್ಟುತ್ತದೆ. ಕೆಲವು ಕೆಲವೇ ವಾರದಲ್ಲಿ ಹೊರಬರುತ್ತವೆ, ಕೆಲವು ಬೇಸಿಗೆ ಕಳೆಯುವವರೆಗೂ ಒಳಗೇ ಇರುತ್ತವೆ. ಗೂಡನ್ನು ತೂಗುಹಾಕಿಯೇ ಇಡಿ. ಹೊರಬಂದ ಪತಂಗ ಮೇಲೆ ಹತ್ತಿ, ಜೋತುಬಿದ್ದು ಮುದುಡಿದ ರೆಕ್ಕೆ ಬಿಡಿಸಿಕೊಳ್ಳಬೇಕು. ಜಾಗ ಸಿಗದಿದ್ದರೆ ರೆಕ್ಕೆ ಸೊಟ್ಟಗೇ ಒಣಗುತ್ತದೆ. ಸಕ್ಕರೆ ನೀರು ಇಡುವವರೂ ಇದ್ದಾರೆ, ದಂಡ. ಇದಕ್ಕೆ ತಿನ್ನುವ ಬಾಯೇ ಇಲ್ಲ. ಹುಳವಾಗಿದ್ದಾಗ ತಿಂದದ್ದರ ಮೇಲೆ ಒಂದು ವಾರದಷ್ಟು ಬದುಕುತ್ತದೆ.

ಹೊಸ ಹೆಣ್ಣನ್ನು ಆ ರಾತ್ರಿ ಹೊರಗಿನ ರೆಂಬೆಗೆ ಹತ್ತಿಸಿ, ಸುತ್ತಲಿನ ದೀಪ ಆರಿಸುತ್ತೇನೆ. ಅದು ಅಲ್ಲೇ ಕೂತು ವಾಸನೆ ಬಿಡುತ್ತದೆ, ನಡುರಾತ್ರಿ ಕಳೆದ ಮೇಲೆ ತೋಟದ ಗಂಡು ಹುಡುಕಿಕೊಂಡು ಬರುತ್ತದೆ. ಬೆಳಗ್ಗೆಯೂ ಜೋಡಿ ಅಂಟಿಕೊಂಡಿದ್ದರೆ ಹಾಗೇ ಬಿಡಿ, ಸಂಜೆಗೆ ಬೇರೆಯಾಗುತ್ತವೆ. ಒಂದು ಕೊಂಬೆಯ ಸೊಪ್ಪಿಗೆ ಎಷ್ಟು ಹುಳ ಸಾಕಬಹುದೋ ಅಷ್ಟೇ ಮೊಟ್ಟೆ ಇಟ್ಟುಕೊಂಡು ಹೆಣ್ಣನ್ನು ಬಿಟ್ಟುಬಿಡುತ್ತೇನೆ. ಉಳಿದದ್ದನ್ನು ಅದು ತೋಟದಲ್ಲಿ ತನಗೆ ಬೇಕಾದ ಮರಕ್ಕೆ ಇಡಲಿ.