ಅಡ್ವಾನ್ಸ್ ಕೊಡುವ ಮೊದಲು ಪೂರ್ತಿ ಆಲ್ಬಂ ಕೇಳಿ

ಹೋದ ಡಿಸೆಂಬರ್ ರಜೆಗೆ ಅಕ್ಕನ ಮನೆಯವರು ಬೆಂಗಳೂರಿನಿಂದ ಹುಬ್ಬಳ್ಳಿಗೆ ಬಂದಿದ್ದರು. ಎರಡು ತಾಸಿಗೆ ಒಬ್ಬ ಫೋಟೋಗ್ರಾಫರನ್ನು ಗೊತ್ತು ಮಾಡಿ ಉಣಕಲ್ ಕೆರೆ ದಂಡೆಯಲ್ಲಿ ಸುಮಾರು 300 ಫೋಟೋ ತೆಗೆಸಿಕೊಂಡರು. ಕೈಗೆ ಬಂದದ್ದು 15, ಅದೂ ಸಂಕ್ರಾಂತಿ ಕಳೆದ ಮೇಲೆ. ಸುಣ್ಣ ಬಳಿದಂಥ ಮುಖ, ಅಕ್ಕನ ಗಲ್ಲದ ಮೇಲಿನ ಮಚ್ಚೆಯೇ ಮಾಯ!

ನೀವೂ ಮನೆಮಂದಿಯ ಫೋಟೋ ತೆಗೆಸುವುದಾದರೆ ಮೊದಲು ಜಾಗ ಆರಿಸಿ. ಒಂದೇ ಸಾಕು. ಒಂದೇ ದಿನ ಧಾರವಾಡದ ಸಾಧನಕೇರಿ, ಹುಬ್ಬಳ್ಳಿಯ ನೃಪತುಂಗ ಬೆಟ್ಟ, ಗದಗ ಹತ್ತಿರದ ಲಕ್ಕುಂಡಿ ಎಲ್ಲಾ ಅಂದರೆ ಕಾರಿನಲ್ಲೇ ಬೆಳಕು ಮುಗಿಯುತ್ತದೆ.

ಆಮೇಲೆ ಫೋಟೋಗ್ರಾಫರ್ ಜೊತೆ ಮಾತುಕತೆ. ಎಲ್ಲರೂ ಎಡವುವುದು ಇಲ್ಲೇ. ಇನ್‌ಸ್ಟಾಗ್ರಾಂನ ಹತ್ತು ಚಂದದ ಫೋಟೋ ನೋಡಿ ಮರುಳಾಗಬೇಡಿ, ಅವು ಹತ್ತು ಮದುವೆಗಳಿಂದ ಹೆಕ್ಕಿದವು. ಒಂದೇ ಮನೆಯವರಿಗೆ ಕೊಟ್ಟ ಪೂರ್ತಿ ಆಲ್ಬಂ ಕೇಳಿ. ಅದರಲ್ಲಿ ಮಧ್ಯಾಹ್ನದ ಬಿಸಿಲಿನ ಫೋಟೋ ಹುಡುಕಿ. ಕಣ್ಣಿನ ಕುಳಿಯಲ್ಲಿ ಕಪ್ಪು ನೆರಳು ಕೂತಿದ್ದರೆ ಬೇರೆಯವರನ್ನು ನೋಡಿ. ಅಜ್ಜಿಯ ಫೋಟೋ ಇದ್ದರೆ ಇನ್ನೂ ಒಳ್ಳೆಯದು. ಸುಕ್ಕು ಉಳಿಸಿದ್ದಾರೋ, ಇಸ್ತ್ರಿ ಹೊಡೆದಿದ್ದಾರೋ ತಿಳಿಯುತ್ತದೆ.

‘ಎಲ್ಲಾ ಚಂದ ಬರ್ತಾವ್ರಿ, ಚಿಂತಿ ಮಾಡಬ್ಯಾಡ್ರಿ’ ಅನ್ನುತ್ತಾರೆ. ನೀವು ಚಿಂತೆ ಮಾಡಿ. ಕ್ಯಾಮೆರಾ ಹಿಡಿದು ಬರುವುದು ಅವರೇನಾ, ಅಸಿಸ್ಟೆಂಟಾ? ಎಡಿಟ್ ಮಾಡಿ ಕೊಡುವುದು ಎಷ್ಟು ಫೋಟೋ, ಯಾವ ತಾರೀಖಿಗೆ? ಯಾವ ಫೋಟೋ ಎಡಿಟ್ ಆಗಬೇಕು ಅಂತ ಆರಿಸುವವರು ಯಾರು? (ನೀವೇ ಆಗಿರಬೇಕು.) ಹೊತ್ತು ಮೀರಿದರೆ, ಊರಾಚೆ ಹೋದರೆ ಜಾಸ್ತಿ ಎಷ್ಟು? ಮಕ್ಕಳ ಫೋಟೋ ಅವರ ಪೇಜಿಗೆ ಹಾಕುತ್ತಾರಾ? ‘ಬಣ್ಣ ಬಿಳಿ ಮಾಡಬೇಡಿ, ಮಚ್ಚೆ ಅಳಿಸಬೇಡಿ’ ಅಂತಲೂ ಸೇರಿಸಿ. ಇಷ್ಟನ್ನೂ ವಾಟ್ಸ್ಆ್ಯಪ್‌ನಲ್ಲಿ ಬರೆದು ಕಳಿಸಿ, ‘ಹೂಂ’ ಅನ್ನಿಸಿಕೊಂಡ ಮೇಲೇ ಅಡ್ವಾನ್ಸ್. ಮೂರರಲ್ಲಿ ಒಂದು ಪಾಲು ಸಾಕು. ರಾ ಫೈಲ್ (ಎಡಿಟ್ ಮಾಡದ ಮೂಲ ಫೈಲ್) ಕೊಡಲ್ಲ ಅಂದರೆ ಜಗಳ ಬೇಡ, ಅದು ಬೇಯಿಸದ ಹಿಟ್ಟು, ನಮಗೇನು ಮಾಡಲಿಕ್ಕೆ ಬರುತ್ತದೆ? ಆದರೆ ಫೋಟೋಗಳನ್ನು ವಾಟ್ಸ್ಆ್ಯಪ್‌ನಲ್ಲಿ ಸುಮ್ನೆ ಕಳಿಸಿದರೆ ಒಪ್ಪಬೇಡಿ, ಅದು ಹಿಂಡಿ ಸಣ್ಣದು ಮಾಡುತ್ತದೆ. ಗೂಗಲ್ ಡ್ರೈವ್ ಲಿಂಕ್ ಕೇಳಿ.

ಬಣ್ಣದ ಹೊಗೆ ಕಾರುವ ಕಡ್ಡಿ ತರುತ್ತೇವೆ ಅಂದರೆ ಬೇಡವೇ ಬೇಡ. ಬಟ್ಟೆಯೂ ಹಾಳು, ಎದೆಯೂ ಹಾಳು.

ಬಟ್ಟೆ: ಎಲ್ಲರೂ ಒಂದೇ ಬಣ್ಣದ ಟೀ ಶರ್ಟ್ ಹಾಕಿದರೆ ಶಾಲೆಯ ಟ್ರಿಪ್ಪಿನಂತೆ ಕಾಣುತ್ತದೆ. ಲಕ್ಕುಂಡಿಯ ಹಳೇ ಗುಡಿಗಳ ಕಲ್ಲು ಹಸಿರು ಮಿಶ್ರಿತ ಬೂದು. ಅದರ ಮುಂದೆ ಕೆಂಪು ಸೆರಗಿನ ಇಳಕಲ್ ಸೀರೆ ಎದ್ದು ಕಾಣುತ್ತದೆ, ಬೂದು ಕುರ್ತಾ ಗೋಡೆಯಲ್ಲೇ ಕರಗಿಹೋಗುತ್ತದೆ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ಆಗ ಅಲ್ಲಿನ ಕಾಶಿವಿಶ್ವನಾಥ ಗುಡಿಯ ದಕ್ಷಿಣದ ಬಾಗಿಲ ಕಡೆ ನಿಲ್ಲಿ. ಅದು ಪುರಾತತ್ವ ಇಲಾಖೆಯ ಜಾಗ. ಕ್ಯಾಮೆರಾ ಸ್ಟ್ಯಾಂಡಿಗೂ ಡ್ರೋನಿಗೂ ಮೊದಲೇ ಅನುಮತಿ ಬೇಕು. ಯಾರು ತರುತ್ತಾರೆ ಅನ್ನುವುದನ್ನೂ ಮಾತಿನಲ್ಲೇ ಮುಗಿಸಿಕೊಳ್ಳಿ.

ಹೊತ್ತು: ಬೆಳಿಗ್ಗೆ 7ರಿಂದ 9. ಸಂಜೆಯಾದರೆ 4.30ರ ನಂತರ.

ಆ ದಿನ ಮೊದಲ ಹತ್ತು ಫೋಟೋ ಆದ ಕೂಡಲೇ ನಿಲ್ಲಿಸಿ, ಕ್ಯಾಮೆರಾದ ಪರದೆಯಲ್ಲಿ ಫೋಟೋದಲ್ಲಿನ ಕಣ್ಣನ್ನು ಝೂಮ್ ಮಾಡಿ ನೋಡಿ. ರೆಪ್ಪೆಗೂದಲು ಎಣಿಸುವಷ್ಟು ಸ್ಪಷ್ಟ ಇರಬೇಕು. ಇಲ್ಲದಿದ್ದರೆ ಅಲ್ಲೇ ಹೇಳಿ, ಮನೆಗೆ ಹೋಗಿ ಹೇಳಿದರೆ ಏನು ಬಂತು? ಗಿರಮಿಟ್ಟು, ಮಿರ್ಚಿ ಎಲ್ಲಾ ಫೋಟೋ ಮುಗಿದ ಮೇಲೆ. ನಮ್ಮ ಭಾವ ಮೊದಲೇ ತಿಂದಿದ್ದರು. 15ರಲ್ಲಿ ಒಂಬತ್ತು ಫೋಟೋಗಳಲ್ಲಿ ಅಂಗಿಯ ಮೇಲೆ ಎಣ್ಣೆ ಕಲೆ ಇದೆ. ಅದನ್ನು ಮಾತ್ರ ಆ ಪುಣ್ಯಾತ್ಮ ಅಳಿಸಿರಲಿಲ್ಲ.