ನಮ್ಮ ಮಾರುತಿ 800ರ ಆಯಿಲ್ ಲೀಕ್ ಹುಡುಕಿದ್ದು

ಬೆಳಿಗ್ಗೆ ಬಾಗಿಲಿಗೆ ನೀರು ಹಾಕಲು ಹೋದ ಅಮ್ಮ ಅಲ್ಲಿಂದಲೇ ಕೂಗಿದರು. "ಏನೋ ಇದು? ರಂಗೋಲಿ ಹಾಕೋ ಜಾಗದಲ್ಲೆಲ್ಲ ನಿನ್ನ ಕಾರಿನ ಎಣ್ಣೆ!" ಚೆನ್ನಾಗಿ ಓಡುವಾಗ ಅದು ಅಪ್ಪನ ಕಾರು. ಸೋರುವಾಗ ಮಾತ್ರ ನನ್ನದು.

1998ರ ಮಾರುತಿ 800. ಕಾರ್ಬೊರೇಟರ್ ಇರುವ ಹಳೇ ಮಾದರಿ. 796 ಸಿಸಿ, ಮೂರು ಸಿಲಿಂಡರ್. ಅಪ್ಪ ಹೊಸದಾಗಿ ತೆಗೆದುಕೊಂಡದ್ದು. ತುಮಕೂರಿನ ಮನೆಯಿಂದ ಹೊರಗೆ ಎಲ್ಲೂ ರಾತ್ರಿ ನಿಲ್ಲದ ಗಾಡಿ. ಹಾಗಾಗಿ ಅದರ ಪ್ರತಿ ಸದ್ದೂ ನನಗೆ ಗೊತ್ತು ಅಂದುಕೊಂಡಿದ್ದೆ. ಎಣ್ಣೆ ಯಾವಾಗ ಸೋರಲು ಶುರುವಾಯಿತು ಅನ್ನುವುದು ಮಾತ್ರ ಗೊತ್ತಾಗಿರಲಿಲ್ಲ. ಕಡಪ ಕಲ್ಲಿನ ಮೇಲೆ ಕಪ್ಪು ಎಣ್ಣೆ ಕಾಣುವುದೂ ಇಲ್ಲ ನೋಡಿ.

ಮೊದಲು ಗ್ಯಾರೇಜಿಗೆ ಹೋದೆ. ಹುಡುಗ ಕಾರಿನ ಕೆಳಗೆ ತೂರಿ, ಟಾರ್ಚ್ ಬಿಟ್ಟು, ಒಂದು ನಿಮಿಷದೊಳಗೆ ಹೊರಗೆ ಬಂದ. "ಸಾರ್, ರಿಯರ್ ಆಯಿಲ್ ಸೀಲ್ ಹೋಗಿದೆ. ಗೇರ್‌ಬಾಕ್ಸ್ ಇಳಿಸ್ಬೇಕು. ಇಳಿಸಿದ್ಮೇಲೆ ಕ್ಲಚ್ ಪ್ಲೇಟೂ ಹಾಕ್ಬಿಡಿ." ಎಲ್ಲಾ ಸೇರಿ 7,500 ರೂಪಾಯಿ. ಹುಡುಗ ಸುಳ್ಳು ಹೇಳಿದ ಅಂತ ನನಗೆ ಈಗಲೂ ಅನಿಸುವುದಿಲ್ಲ. ಇಂಜಿನ್ನೂ ಗೇರ್‌ಬಾಕ್ಸೂ ಕೂಡುವ ಜಾಗದಿಂದ ಹನಿ ಬೀಳುತ್ತಿತ್ತು. ಅಲ್ಲಿ ಹನಿ ಕಂಡರೆ ಮೊದಲು ಬಾಯಿಗೆ ಬರುವುದೇ ರಿಯರ್ ಸೀಲ್. ಕ್ರ್ಯಾಂಕ್, ಅಂದರೆ ಇಂಜಿನ್ ಒಳಗೆ ತಿರುಗುವ ದಂಡ, ಗೇರ್‌ಬಾಕ್ಸ್ ಕಡೆ ಹೊರಬರುವ ತುದಿಯಲ್ಲಿ ಎಣ್ಣೆ ತಡೆಯುವ ರಬ್ಬರ್ ಉಂಗುರ ಅದು. ಆದರೆ ಅವನು ಕೆಳಗಿನಿಂದ ಮಾತ್ರ ನೋಡಿದ್ದ. ಬಾನೆಟ್ ಎತ್ತಲೇ ಇಲ್ಲ.

ನನಗೆ ಅನುಮಾನ ಬಂದದ್ದು ಕ್ಲಚ್‌ನಿಂದ. ಕ್ರ್ಯಾಂಕ್‌ನ ಹಿಂದಿನ ಸೀಲ್ ಅಷ್ಟು ಜೋರಾಗಿ ಸೋರಿದರೆ ಎಣ್ಣೆ ಹೋಗುವುದು ಕ್ಲಚ್ ಇರುವ ಗೂಡಿನೊಳಗೆ. ಪ್ಲೇಟಿಗೆ ಎಣ್ಣೆ ತಾಗಿದರೆ ಕ್ಲಚ್ ಜಾರಲು ಶುರುವಾಗುತ್ತದೆ. ಏರಿನಲ್ಲಿ ಇಂಜಿನ್ ಕಿರುಚುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ. ನಮ್ಮದು ಹಾಗೆ ಮಾಡುತ್ತಿರಲಿಲ್ಲ. ನಾಲ್ಕು ಜನ ಕೂತರೂ ಎರಡನೇ ಗೇರಿನಲ್ಲಿ ಚೆನ್ನಾಗಿ ಎಳೆಯುತ್ತಿತ್ತು. "ಯೋಚನೆ ಮಾಡಿ ಹೇಳ್ತೀನಿ" ಅಂತ ಗಾಡಿ ವಾಪಸ್ ತಂದೆ.

ಬೀಳುತ್ತಿರುವುದು ಯಾವ ಎಣ್ಣೆ? ಮೊದಲು ತಿಳಿಯಬೇಕಾದದ್ದು ಅದು. ಹಳೇ ಫ್ರಿಜ್‌ನ ರಟ್ಟಿನ ಡಬ್ಬ ಬಿಚ್ಚಿ, ರಾತ್ರಿ ಕಾರಿನ ಕೆಳಗೆ ಹಾಸಿದೆ. ಮುಂದಿನ ಎರಡು ಚಕ್ರ ಎಲ್ಲಿ ನಿಂತಿವೆ ಅಂತ ರಟ್ಟಿನ ಮೇಲೆ ಪೆನ್ನಿನಲ್ಲಿ ಗುರುತು ಮಾಡಿದೆ. ಈ ಗುರುತು ಇಲ್ಲದಿದ್ದರೆ ಬೆಳಿಗ್ಗೆ ರಟ್ಟು ಎಳೆದ ಮೇಲೆ ಹನಿ ಎಲ್ಲಿಂದ ಬಿತ್ತು ಅನ್ನುವುದು ಗೊತ್ತಾಗುವುದಿಲ್ಲ. ಬೆಳಿಗ್ಗೆ ನೋಡಿದರೆ ಎರಡು ರೂಪಾಯಿ ನಾಣ್ಯದಷ್ಟು ಅಗಲದ ನಾಲ್ಕು ಕಲೆ, ಎಲ್ಲವೂ ಎಡಗಡೆ, ಗೇರ್‌ಬಾಕ್ಸ್ ಶುರುವಾಗುವ ಕಡೆ. ಬೆರಳಿನಲ್ಲಿ ಮುಟ್ಟಿ ಮೂಸಿ ನೋಡಿದೆ. ಗೇರ್ ಆಯಿಲ್ ಆಗಿದ್ದರೆ ಗಂಧಕದ ಕೆಟ್ಟ ವಾಸನೆ ಇರುತ್ತದೆ, ಬೆರಳಿಗೂ ಜಾಸ್ತಿ ಅಂಟುತ್ತದೆ. ಬ್ರೇಕ್ ಆಯಿಲ್ ಆಗಿದ್ದರೆ ತೆಳ್ಳಗೆ, ಹೆಚ್ಚುಕಡಿಮೆ ನೀರಿನಂತೆ. ಇದು ಕಂದು ಬಣ್ಣದ, ಸ್ವಲ್ಪ ಸುಟ್ಟ ವಾಸನೆಯ ಇಂಜಿನ್ ಆಯಿಲ್ಲೇ. ಡಿಪ್‌ಸ್ಟಿಕ್‌ನಲ್ಲೂ ಮಟ್ಟ ಇಳಿದಿತ್ತು. ಈ ಇಂಜಿನ್ ಹಿಡಿಯುವುದೇ ಮೂರು ಲೀಟರಿಗಿಂತ ಕಡಿಮೆ ಎಣ್ಣೆ. ಅದರಲ್ಲಿ ಅರ್ಧ ಲೀಟರ್ ಹೋದರೂ ಸಣ್ಣ ವಿಷಯ ಅಲ್ಲ.

ಇನ್ನು ತೊಳೆಯುವ ಕೆಲಸ. ಇಪ್ಪತ್ತು ವರ್ಷ ದಾಟಿದ ಇಂಜಿನ್ ಅಂದರೆ ಎಣ್ಣೆಗೆ ಧೂಳು ಅಂಟಿ, ಮೇಲೆ ಮತ್ತೆ ಎಣ್ಣೆ ಕೂತು, ದೋಸೆ ಕಾವಲಿಯ ಅಂಚಿನಲ್ಲಿ ಕೂತ ಜಿಡ್ಡಿನ ಹಾಗೆ ಆಗಿರುತ್ತದೆ. ಅದರ ಮೇಲೆ ಹೊಸ ಸೋರಿಕೆ ಹುಡುಕುವುದು ಆಗದ ಮಾತು. ಸೀಮೆಎಣ್ಣೆ ಈಗ ಎಲ್ಲಿ ಸಿಗುತ್ತದೆ? ಅರ್ಧ ಲೀಟರ್ ಡೀಸೆಲ್ ತಂದೆ. ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿದೆ. ಡೆಲ್ಕೋ, ಆಲ್ಟರ್ನೇಟರ್, ಕಾರ್ಬೊರೇಟರ್ ಬಾಯಿ, ಮೂರಕ್ಕೂ ಪ್ಲಾಸ್ಟಿಕ್ ಕವರ್ ಕಟ್ಟಿದೆ. ಡೆಲ್ಕೋ ಅಂದರೆ ಡಿಸ್ಟ್ರಿಬ್ಯೂಟರ್, ಸ್ಪಾರ್ಕ್ ಪ್ಲಗ್‌ಗಳಿಗೆ ಕರೆಂಟ್ ಹಂಚುವ ಭಾಗ. ನಮ್ಮ ಕಡೆ ಮೆಕ್ಯಾನಿಕ್‌ಗಳ ಬಾಯಲ್ಲಿ ಅದು ಡೆಲ್ಕೋನೇ. ಹಳೇ ಟೂತ್‌ಬ್ರಶ್, ಪೇಂಟ್ ಬ್ರಶ್, ಬನಿಯನ್ ಬಟ್ಟೆ ಇಟ್ಟುಕೊಂಡು ಒಂದು ಭಾನುವಾರ ಇಡೀ ಉಜ್ಜಿದೆ. ಕೊನೆಗೆ ಸೋಪಿನ ನೀರಿನ ಬಟ್ಟೆಯಲ್ಲಿ ಒರೆಸಿ, ಬಿಸಿಲಿಗೆ ಬಾನೆಟ್ ತೆರೆದಿಟ್ಟೆ. ಡೀಸೆಲ್ ಪೂರ್ತಿ ಆರದೆ ಇಂಜಿನ್ ಸ್ಟಾರ್ಟ್ ಮಾಡಬಾರದು. ಬಿಸಿ ಸೈಲೆನ್ಸರ್ ಪೈಪ್ ಅಲ್ಲೇ ಇರುತ್ತದೆ ಅಲ್ವಾ.

ಸೋಮವಾರ ಬೆಳಿಗ್ಗೆ ಮಗಳ ಪೌಡರ್ ಡಬ್ಬ ಕದ್ದೆ. ತಮಾಷೆ ಅಲ್ಲ, ಎಣ್ಣೆ ಹಿಡಿಯಲು ಇದಕ್ಕಿಂತ ಅಗ್ಗದ ಉಪಾಯ ಇಲ್ಲ. ಒಣಗಿದ ಇಂಜಿನ್ ಮೇಲೆ, ಅನುಮಾನ ಇರುವ ಕಡೆಯೆಲ್ಲ, ಬ್ರಶ್‌ನಲ್ಲಿ ತೆಳ್ಳಗೆ ಪೌಡರ್ ಹೊಡೆದೆ. ಬೆಲ್ಟ್ ಇರುವ ಕಡೆ ಮಾತ್ರ ಬಿಟ್ಟೆ. ಹತ್ತು ಕಿಲೋಮೀಟರ್ ಓಡಿಸಿ ಬಂದು ಟಾರ್ಚ್ ಹಿಡಿದು ನೋಡಿದರೆ, ಬಿಳಿ ಗೋಡೆಯ ಮೇಲೆ ಮಳೆನೀರು ಇಳಿದ ಹಾಗೆ, ಟ್ಯಾಪೆಟ್ ಕವರ್, ಅಂದರೆ ಇಂಜಿನ್ ನೆತ್ತಿಯ ಮುಚ್ಚಳ, ಅದರ ಹಿಂದಿನ ಮೂಲೆಯಿಂದ ಒಂದು ಕಂದು ಗೆರೆ ಕೆಳಗಿಳಿದಿತ್ತು. ಗೆರೆ ನೇರ ಇಳಿದು, ಆ ಮುಚ್ಚಳದ ಕೆಳಗಿನ ಹೆಡ್‌ನ ಅಂಚಿನಲ್ಲಿ ಅಡ್ಡ ತಿರುಗಿ, ಗೇರ್‌ಬಾಕ್ಸ್ ಕಡೆಗೆ ಹರಿದಿತ್ತು. ಗೇರ್‌ಬಾಕ್ಸ್ ಗೂಡಿನ ಹೊರಮೈ ಮೇಲಿನಿಂದಲೇ ಒದ್ದೆ. ಒಳಗಿನ ಸೀಲ್ ಹೋಗಿದ್ದರೆ ಮೇಲ್ಭಾಗ ಒಣಗಿದ್ದು ಕೆಳಗಿನ ಅಂಚು ಮಾತ್ರ ಒದ್ದೆ ಇರಬೇಕಿತ್ತು. ಎಣ್ಣೆ ಇಳಿಯುತ್ತದೆ, ಓಡುವಾಗ ಗಾಳಿಗೆ ಹಿಂದಕ್ಕೂ ಹೋಗುತ್ತದೆ. ಏರಿ ಮೇಲೆ ಹೋಗುವುದಿಲ್ಲ. ಒದ್ದೆಯಾದ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿರುವುದನ್ನು ಹುಡುಕಬೇಕು.

ಟ್ಯಾಪೆಟ್ ಕವರ್ ಬಿಚ್ಚಿದರೆ ಒಳಗೆ ಬೇರೆಯದೇ ಕಥೆ. ಹಿಂದೆ ಯಾರೋ ಕವರ್ ಅಂಚಿನ ರಬ್ಬರ್ ಪ್ಯಾಕಿಂಗ್ ಬದಲಿಸುವ ಬದಲು ಅದೇ ಹಳೇ ಪ್ಯಾಕಿಂಗ್ ಮೇಲೆ ಧಾರಾಳವಾಗಿ ಸಿಲಿಕಾನ್ ಪೇಸ್ಟ್ ಬಳಿದಿದ್ದರು. ಪೇಸ್ಟ್ ಒಳಗಡೆಗೂ ಉಬ್ಬಿ, ಚೂಯಿಂಗ್ ಗಮ್‌ನಂತೆ ನೇತಾಡುತ್ತಿತ್ತು. ಆ ಚೂರು ಕಿತ್ತು ಒಳಗೆ ಬಿದ್ದರೆ ಸೀದಾ ಇಂಜಿನ್ ತಳದ ಎಣ್ಣೆ ತೊಟ್ಟಿಗೆ, ಅಂದರೆ ಸಂಪ್‌ಗೆ, ಹೋಗಿ ಆಯಿಲ್ ಪಂಪ್‌ನ ಜಾಲರಿಗೆ ಸಿಕ್ಕಿಕೊಳ್ಳುತ್ತದೆ. ಸೋರಿಕೆ ನಿಲ್ಲಿಸಲು ಹೋಗಿ ಇಂಜಿನ್ನೇ ಕಟ್ಟಿಹೋಗುವ ದಾರಿ ಅದು. ಪೇಸ್ಟ್ ಬಗ್ಗೆ ನನಗೆ ದ್ವೇಷ ಇಲ್ಲ. ಬೇಕಾದ ಕಡೆ, ಬೇಕಾದಷ್ಟು. ರಬ್ಬರ್ ಪ್ಯಾಕಿಂಗ್ ಸರಿಯಾಗಿ ಕೂತರೆ ಅದರ ಅಗತ್ಯವೇ ಬೀಳುವುದಿಲ್ಲ.

ಹೆಡ್‌ನ ಬಾಯಿಗೆ ಬಟ್ಟೆ ಮುಚ್ಚಿ, ಹಳೇ ಪೇಸ್ಟನ್ನು ಪ್ಲಾಸ್ಟಿಕ್ ಸ್ಕೇಲ್‌ನಲ್ಲಿ ಕೆರೆದೆ. ಅಲ್ಯೂಮಿನಿಯಂ ಮೈಯನ್ನು ಸ್ಕ್ರೂಡ್ರೈವರ್‌ನಲ್ಲಿ ಕೆರೆದರೆ ಗೀರು ಬೀಳುತ್ತದೆ, ಮುಂದೆ ಆ ಗೀರೇ ಕಾಲುವೆ. ಕವರನ್ನು ಮೇಜಿನ ಗಾಜಿನ ಮೇಲೆ ಬೋರಲು ಇಟ್ಟು ನೋಡಿದೆ. ಒಂದು ಮೂಲೆ ಸ್ವಲ್ಪ ಎದ್ದಿತ್ತು. ಸೋರುತ್ತಿದೆ ಅಂತ ಯಾರೋ ಬೋಲ್ಟನ್ನು ಜೋರಾಗಿ ಬಿಗಿದಿದ್ದರ ಫಲ. ಮರದ ತುಂಡು ಇಟ್ಟು ಮೆಲ್ಲಗೆ ತಟ್ಟಿ ಸಮ ಮಾಡಿದೆ. ಬೋಲ್ಟ್ ಕೆಳಗಿನ ರಬ್ಬರ್ ವಾಷರ್‌ಗಳೂ ಕಲ್ಲಾಗಿದ್ದವು. ಪ್ಯಾಕಿಂಗ್ ಜೊತೆಗೇ ಅವನ್ನೂ ತರಬೇಕು, ಎಷ್ಟೋ ಜನ ಮರೆಯುತ್ತಾರೆ. ಹೊಸದನ್ನು ಹಾಕಿ, ಎದುರುಬದುರಿನ ಬೋಲ್ಟ್‌ಗಳನ್ನು ಸ್ವಲ್ಪ ಸ್ವಲ್ಪವೇ, ಎರಡು ಬೆರಳಿನಲ್ಲಿ ಪಾನ ಹಿಡಿದು ಬಿಗಿದೆ. ಕೈಗೆ ಬಲ ಬಂತು ಅನ್ನುವಷ್ಟರಲ್ಲಿ ನಿಲ್ಲಿಸಬೇಕು.

ಗೆದ್ದೆ ಅಂತ ಮಲಗಿದೆ. ಬೆಳಿಗ್ಗೆ ರಟ್ಟಿನ ಮೇಲೆ ಎರಡು ಹನಿ.

ನಾಲ್ಕು ಇದ್ದದ್ದು ಎರಡಾಗಿತ್ತು, ಆದರೆ ಅದೇ ಜಾಗ. ಮತ್ತೆ ಒರೆಸಿ, ಮತ್ತೆ ಪೌಡರ್. ಈ ಸಲ ಟ್ಯಾಪೆಟ್ ಕವರ್ ಸುತ್ತ ಹಾಲಿನಂತೆ ಬೆಳ್ಳಗಿತ್ತು. ಡೆಲ್ಕೋ ಬುಡದಲ್ಲಿ ಮಾತ್ರ ಉಂಗುರದಂತೆ ಒದ್ದೆ. ಈ ಇಂಜಿನ್‌ನಲ್ಲಿ ಡೆಲ್ಕೋ ಕೂತಿರುವುದು ಹೆಡ್‌ನ ಎಡತುದಿಯಲ್ಲಿ, ಸರಿಯಾಗಿ ಗೇರ್‌ಬಾಕ್ಸ್ ಮೇಲೆ. ಅದರ ಬುಡದಲ್ಲಿ ಒಂದು ಓ-ರಿಂಗ್ ಇದೆ. ಅದು ಸೋತರೆ ಎಣ್ಣೆ ತೊಟ್ಟಿಕ್ಕುವುದು ಗೇರ್‌ಬಾಕ್ಸ್ ನೆತ್ತಿಗೆ. ಅಲ್ಲಿಂದ ಸುತ್ತಿಕೊಂಡು ಕೆಳಗೆ ಬಂದರೆ ನೋಡುವವರಿಗೆ ರಿಯರ್ ಸೀಲ್ ಹೋದ ಹಾಗೇ ಕಾಣುತ್ತದೆ.

ಡೆಲ್ಕೋ ಕೀಳಲು ಸ್ವಲ್ಪ ಹೆದರಿಕೆ ಇತ್ತು. ಟೈಮಿಂಗ್, ಅಂದರೆ ಸ್ಪಾರ್ಕ್ ಹೊಡೆಯುವ ಸಮಯ, ತಪ್ಪಿದರೆ ಗಾಡಿ ಸ್ಟಾರ್ಟ್ ಆಗುವುದೇ ಕಷ್ಟ. ಹಾಗಾಗಿ ಬಿಚ್ಚುವ ಮೊದಲು ಫೋನಿನಲ್ಲಿ ನಾಲ್ಕಾರು ಫೋಟೊ ತೆಗೆದೆ. ಡೆಲ್ಕೋ ಮೈಯಿಂದ ಹೆಡ್‌ಗೆ ಅಡ್ಡವಾಗಿ ವೈಟ್ನರ್‌ನಲ್ಲಿ ಒಂದು ಗೆರೆ. ಕ್ಯಾಪ್ ತೆಗೆದು, ಒಳಗೆ ತಿರುಗುವ ರೋಟರ್ ಯಾವ ಕಡೆ ಮುಖ ಮಾಡಿದೆ ಅನ್ನುವುದಕ್ಕೆ ಅಂಚಿನಲ್ಲಿ ಇನ್ನೊಂದು ಚುಕ್ಕೆ. ಬೋಲ್ಟ್ ಬಿಚ್ಚಿ ಎಳೆದಾಗ ರೋಟರ್ ಸ್ವಲ್ಪ ತಿರುಗಿತು. ಒಳಗಿನ ಗೇರಿನ ಹಲ್ಲು ಓರೆ ಇರುವುದರಿಂದ ಹಾಗೆ. ತಿರುಗಿ ನಿಂತ ಜಾಗಕ್ಕೂ ಒಂದು ಚುಕ್ಕೆ ಇಟ್ಟೆ. ವಾಪಸ್ ಹಾಕುವಾಗ ಈ ಎರಡನೇ ಚುಕ್ಕೆಯಿಂದ ಶುರು ಮಾಡಿದರೆ, ಒಳಗೆ ಕೂರುತ್ತಾ ಮೊದಲ ಚುಕ್ಕೆಗೆ ಬಂದು ನಿಲ್ಲುತ್ತದೆ. ಡೆಲ್ಕೋ ಹೊರಗಿರುವಾಗ ಇಂಜಿನ್ ತಿರುಗಿಸಬಾರದು. ಮಕ್ಕಳು ಕೀ ಮುಟ್ಟದಿರಲಿ ಅಂತ ಜೇಬಿನಲ್ಲೇ ಇಟ್ಟುಕೊಂಡಿದ್ದೆ.

ಓ-ರಿಂಗ್ ನೋಡಿ ನಗು ಬಂತು. ರಬ್ಬರ್ ಅಂತ ಹೇಳುವ ಹಾಗೇ ಇರಲಿಲ್ಲ. ದುಂಡಗೆ ಇರಬೇಕಾದದ್ದು ಒಂದು ಕಡೆ ಚಪ್ಪಟೆ, ಗಾಜಿನ ಬಳೆಯಂತೆ ಗಟ್ಟಿ. ಬೆರಳಿನಲ್ಲಿ ಬಗ್ಗಿಸಿದೆ, ಟಕ್ ಅಂತ ಎರಡು ತುಂಡಾಯಿತು. ಊರಿನ ಅಂಗಡಿಯವರು "ಇದೇ ಬರುತ್ತೆ ಸಾರ್" ಅಂತ ಕೊಟ್ಟದ್ದು ಹಳೇದಕ್ಕಿಂತ ಒಂದು ಕೂದಲೆಳೆಯಷ್ಟು ತೆಳ್ಳಗಿತ್ತು. ಸುಮ್ನೆ ಹಾಕಿದ್ದರೆ ಮತ್ತೆ ಇದೇ ಪಾಡು. ಬೆಂಗಳೂರಿಗೆ ಬೇರೆ ಕೆಲಸಕ್ಕೆ ಹೋದವನು ಗಾಡಿ ಬಿಡಿಭಾಗದ ಅಂಗಡಿಗಳಿರುವ ಜೆ.ಸಿ. ರಸ್ತೆಯಲ್ಲಿ ಇಳಿದು, ಹಳೇ ತುಂಡುಗಳನ್ನು ತೋರಿಸಿ, ಸರಿಯಾದ್ದನ್ನು ತಂದೆ. 20 ರೂಪಾಯಿ. ಬಸ್ ಚಾರ್ಜು ಅದಕ್ಕಿಂತ ಜಾಸ್ತಿ. ಹೊಸ ಎಣ್ಣೆ ಸವರಿ ಕೂರಿಸಿದೆ. ಒಣಗಿದ ರಿಂಗನ್ನು ತಳ್ಳಿದರೆ ಅಂಚು ಹರಿದು ಮೊದಲ ದಿನವೇ ಸೋರುತ್ತದೆ. ಗೆರೆಗೆ ಗೆರೆ ಕೂಡಿಸಿ ಬಿಗಿದೆ. ಮೊದಲ ಸಲ ಸೆಲ್ಫ್ ಹೊಡೆದಾಗಲೇ ಸ್ಟಾರ್ಟ್ ಆಯಿತು.

ಮೂರು ವಾರ ರಟ್ಟು ಒಣಗಿತ್ತು. ಆಮೇಲೆ ಅಕ್ಕನ ಮನೆಯವರನ್ನೆಲ್ಲ ತುಂಬಿಕೊಂಡು ದೇವರಾಯನದುರ್ಗ ಬೆಟ್ಟಕ್ಕೆ ಹೋಗಿ ಬಂದ ರಾತ್ರಿ ಮತ್ತೆ ಒಂದು ಹನಿ. ಈ ಸಲ ಡಿಪ್‌ಸ್ಟಿಕ್‌ನ ಬಾಯಿಯೂ ಒದ್ದೆ, ಹೊಸ ಪ್ಯಾಕಿಂಗ್‌ನ ಅಂಚಿನಲ್ಲೂ ಬೆವರು. ಎರಡು ಬೇರೆ ಬೇರೆ ಜಾಗ ಒಂದೇ ದಿನ ಒದ್ದೆಯಾಗುವುದು ಅಂದರೆ? ಒಳಗಿನಿಂದ ಏನೋ ತಳ್ಳುತ್ತಿದೆ.

ಸಿಲಿಂಡರಿನಿಂದ ಪಿಸ್ಟನ್ ರಿಂಗ್ ದಾಟಿ ಸ್ವಲ್ಪ ಹೊಗೆ ಕೆಳಗೆ ಬರುವುದು ಎಲ್ಲ ಇಂಜಿನ್‌ಗೂ ಇದ್ದದ್ದೇ. ಏರಿನಲ್ಲಿ, ಭಾರ ಇದ್ದಾಗ ಜಾಸ್ತಿ. ಅದು ಹೊರಹೋಗಲು ಬ್ರೀದರ್ ಪೈಪ್ ಇರುತ್ತದೆ, ಏರ್ ಕ್ಲೀನರ್‌ಗೆ ಸೇರಿಸಿರುತ್ತಾರೆ. ಆ ದಾರಿ ಕಟ್ಟಿದರೆ ಒತ್ತಡ ಯಾವ ಸೀಲ್ ಸಡಿಲ ಇದೆಯೋ ಅದರಿಂದ ಎಣ್ಣೆಯನ್ನು ಹೊರಗೆ ನೂಕುತ್ತದೆ. ಇಂಜಿನ್ ನಿಧಾನಕ್ಕೆ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆದು, ಬಾಯಿಯ ಮೇಲೆ ಒಂದು ಬಸ್ ಟಿಕೆಟ್ ಇಟ್ಟೆ. ಅಲ್ಲೇ ಕೂರಬೇಕಿತ್ತು, ಇಲ್ಲವೇ ಸ್ವಲ್ಪ ಒಳಕ್ಕೆ ಎಳೆಯಬೇಕಿತ್ತು. ನಮ್ಮದು ಪಟಪಟ ಹಾರಿ ರೇಡಿಯೇಟರ್ ಕಡೆ ಬಿತ್ತು.

ಬ್ರೀದರ್ ಪೈಪ್ ಬಿಚ್ಚಿ ಊದಿದೆ. ಉಸಿರು ಹೋಗಲೇ ಇಲ್ಲ. ಒಳಗೆ ಹುಳಿ ಮೊಸರಿನಂಥ ಕಂದು ಗಸಿ ಗಟ್ಟಿಯಾಗಿ ಕೂತಿತ್ತು. ಮನೆಯಿಂದ ಆಫೀಸಿಗೆ ಮೂರು ಕಿಲೋಮೀಟರ್, ವಾಪಸ್ ಮೂರು. ಇಂಜಿನ್ ಸರಿಯಾಗಿ ಬಿಸಿಯೇ ಆಗುವುದಿಲ್ಲ. ಒಳಗಿನ ಹಬೆ ಆರಿಹೋಗದೆ ಎಣ್ಣೆ ಜೊತೆ ಬೆರೆತು ಹೀಗಾಗುತ್ತದೆ. ತಂತಿ ತೂರಿಸಿ, ಡೀಸೆಲ್‌ನಲ್ಲಿ ನೆನೆಸಿ ತೊಳೆದೆ. ಆದರೆ ಪೈಪ್ ಒಳಗೆ ಉಬ್ಬಿ ಮೆತ್ತಗಾಗಿತ್ತು, ಎಣ್ಣೆ ತಡೆಯುವ ಹೊಸ ಪೈಪೇ ಹಾಕಿದೆ. ಟಿಕೆಟ್ ಈಗ ಹಾರಲಿಲ್ಲ.

ಇದನ್ನು ಮೊದಲೇ ನೋಡಿದ್ದರೆ? ಓ-ರಿಂಗ್ ಹೇಗಿದ್ದರೂ ಬದಲಿಸಬೇಕಿತ್ತು. ಆದರೆ ಒಂದು ತಿಂಗಳು ಉಳಿಯುತ್ತಿತ್ತು. ಈಗ ಯಾರಾದರೂ ಲೀಕ್ ಅಂದರೆ ನಾನು ಮೊದಲು ಕೇಳುವುದು ಬಸ್ ಟಿಕೆಟ್. ಈ ನಡುವೆ ಒಬ್ಬ ಗೆಳೆಯ "ದಪ್ಪ ಆಯಿಲ್ ಹಾಕು, ನಿಲ್ಲುತ್ತೆ" ಅಂದಿದ್ದ. ಇನ್ನೊಬ್ಬ ಲೀಕ್ ನಿಲ್ಲಿಸುವ ಬಾಟಲಿ ಹೇಳಿದ್ದ. ಬಾಟಲಿಯಿಂದ ಮೆತ್ತಗಾಗಿ ಉಬ್ಬಬಹುದಾದ ರಬ್ಬರ್ ನಮ್ಮದರಲ್ಲಿ ಇರಲೇ ಇಲ್ಲ, ಇದ್ದದ್ದು ಬಳೆ.

ಮತ್ತೆ ಅದೇ ದೇವರಾಯನದುರ್ಗ, ಅದೇ ಜನ, ಅದೇ ಏರು. ಅಕ್ಕನಿಗೆ ಇದು ಪರೀಕ್ಷೆ ಅಂತ ಹೇಳಲಿಲ್ಲ, ಪ್ರವಾಸ ಅಂದೆ. ರಾತ್ರಿ ಹೊಸ ರಟ್ಟು ಹಾಸಿದೆ. ಬೆಳಿಗ್ಗೆ ಗೇರ್‌ಬಾಕ್ಸ್ ಕಡೆ ಒಂದೂ ಹನಿ ಇಲ್ಲ. ಬಲಗಡೆ, ಬೆಲ್ಟ್ ಇರುವ ಕಡೆ, ಕ್ರ್ಯಾಂಕ್ ಪುಲ್ಲಿ ಹಿಂದೆ ಬೆರಳಿಗೆ ತಾಗುವಷ್ಟು ತೇವ ಇದೆ. ಅದು ಕ್ರ್ಯಾಂಕ್‌ನ ಇನ್ನೊಂದು ತುದಿಯ ಸೀಲ್. ಹನಿಯಾಗಿ ಬೀಳುತ್ತಿಲ್ಲ. ಆದರೆ ಟೈಮಿಂಗ್ ಬೆಲ್ಟಿಗೆ ಎಣ್ಣೆ ತಾಗಿದರೆ ಅದು ಬೇಗ ಹಾಳಾಗುತ್ತದೆ, ಹಾಗಾಗಿ ಜಾಸ್ತಿ ದಿನ ಬಿಡುವ ಹಾಗಿಲ್ಲ. ಬೆಲ್ಟ್ ಬದಲಿಸುವ ಸಮಯವೂ ಬಂದಿದೆ. ಹೇಗಿದ್ದರೂ ಆ ಕಡೆ ಬಿಚ್ಚಲೇಬೇಕು. ಕ್ರ್ಯಾಂಕ್ ಸೀಲ್, ಕ್ಯಾಮ್ ಸೀಲ್, ಹೊಸ ಬೆಲ್ಟ್, ಮೂರೂ ತಂದು ಡಿಕ್ಕಿಯಲ್ಲಿ ಇಟ್ಟಿದ್ದೇನೆ. ಅಮ್ಮನ ರಂಗೋಲಿ ಜಾಗದಲ್ಲಿ ರಟ್ಟು ಇನ್ನೂ ಹಾಸಿಯೇ ಇದೆ.